ಟೊರಾಯ್ಡ್ ಸುತ್ತಲು ಯಾವ ತಂತಿ: ಎನಾಮಲ್, ಟೆಫ್ಲಾನ್, ಪಿವಿಸಿ

ಟೊರಾಯ್ಡ್ ಎಂದರೆ ತಂತಿ ಸುತ್ತಿ ಕಾಯಿಲ್, ಟ್ರಾನ್ಸ್‌ಫಾರ್ಮರ್ ಮಾಡಲು ಬಳಸುವ ಉಂಗುರದಾಕಾರದ ಕೋರ್. ಮನೆಯಲ್ಲೇ ಟ್ರಾನ್ಸೀವರ್ (ರೇಡಿಯೋ ಸಂಕೇತ ಕಳಿಸುವ, ಪಡೆಯುವ ಉಪಕರಣ) ಕಟ್ಟುವ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಗೆಳೆಯರಿಗೆ ನಾನು ಮೊದಲು ಸೂಚಿಸುವುದು ಪಾಲಿಯುರೆಥೇನ್ ಲೇಪನದ ತಾಮ್ರದ ಎನಾಮಲ್ ತಂತಿಯನ್ನು. ಸುಮಾರು 390 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದರ ಲೇಪನ ತಾನಾಗಿಯೇ ಕರಗಿಹೋಗಿ ಬೆಸುಗೆ ನೇರವಾಗಿ ತಾಮ್ರಕ್ಕೆ ಹಿಡಿಯುತ್ತದೆ; ಹೆರೆಯುವ ಕೆಲಸವೇ ಇಲ್ಲ.

ತೊಡಕಿರುವುದು ಕೊಳ್ಳುವಾಗ. ಬೆಂಗಳೂರಿನ ಅಂಗಡಿಯೊಂದರಲ್ಲಿ ‘ಸೋಲ್ಡರ್ ಹಿಡಿಯುತ್ತದೆ’ ಎಂದು ಹೇಳಿ ನನಗೆ ಕೊಟ್ಟ ರೀಲು ಮೋಟಾರ್ ರೀವೈಂಡಿಂಗ್‌ಗೆ ಬಳಸುವ ತಂತಿಯಾಗಿತ್ತು. ಹೆಚ್ಚಿನ ಶಾಖವನ್ನು ಸತತವಾಗಿ ತಾಳಲೆಂದೇ ಮಾಡಿದ ಅದರ ಲೇಪನ ನಮ್ಮ ಸಾಮಾನ್ಯ ಸೋಲ್ಡರಿಂಗ್ ಐರನ್‌ಗೆ ಜಗ್ಗುವುದಿಲ್ಲ. ಬೆಸುಗೆ ತಂತಿಯ ಸುತ್ತ ಅಂಗಿಯ ತೋಳಿನಂತೆ ಕೂತು ಹೊಳೆಯುತ್ತದೆ, ನೋಡಲು ಜೋಡಣೆ ಚೆನ್ನಾಗಿಯೇ ಇರುತ್ತದೆ, ಆದರೆ ಸಂಪರ್ಕವಿದೆಯೇ ಎಂದು ಪರೀಕ್ಷಿಸಿದರೆ ಮಲ್ಟಿಮೀಟರ್ ಸದ್ದು ಮಾಡುವುದಿಲ್ಲ. ಬಿಟ್‌ಎಕ್ಸ್ (ಮನೆಯಲ್ಲೇ ಕಟ್ಟಬಹುದಾದ ಒಂದು ಟ್ರಾನ್ಸೀವರ್) ಮಾದರಿಯ ಮಿಕ್ಸರ್‌ನಲ್ಲಿ, ಅಂದರೆ ಎರಡು ಸಂಕೇತಗಳನ್ನು ಬೆರೆಸುವ ಭಾಗದಲ್ಲಿ, ಮೂರು ತಂತಿ ಒಟ್ಟಿಗೆ ಸುತ್ತಿದ ಮೂರೆಳೆಯ ಒಂದು ಟ್ರಾನ್ಸ್‌ಫಾರ್ಮರ್‌ಗೇ ಆರು ತುದಿಗಳಿದ್ದು, ಅವುಗಳಲ್ಲಿ ಒಂದು ಹೀಗಾದರೂ ರಿಸೀವರ್ ಕಿವುಡಾಗುತ್ತದೆ. ಬ್ಲೇಡಿನಿಂದ ಹೆರೆದರೆ 32 ಗೇಜಿನ, ಅಂದರೆ 0.27 ಮಿ.ಮೀ. ದಪ್ಪದ ತಂತಿಗೆ ಗಾಯವಾಗಿ ಬಗ್ಗಿಸಿದ ಕೂಡಲೇ ತುಂಡಾಗುತ್ತದೆ. ಉಪ್ಪುಕಾಗದ ವಾಸಿ, ಆದರೆ ಬೋರ್ಡಿಗೆ ಕೂರಿಸಿದ ಮೇಲೆ ಅದನ್ನು ಆಡಿಸಲು ಜಾಗವಿರುವುದಿಲ್ಲ.

ಆದ್ದರಿಂದ ರೀಲು ಕೊಳ್ಳುವ ಮುನ್ನ ಗೇಣುದ್ದದ ತುಂಡು ಕೇಳಿ ತಂದು, ಐರನ್ ತುದಿಯಲ್ಲಿ ಕರಗಿದ ಬೆಸುಗೆಯ ಹನಿಯೊಳಗೆ ಅದನ್ನು ಹಿಡಿದು ನೋಡಬೇಕು. ಲೇಪನ ಗುಳ್ಳೆಯೆದ್ದು ಹೊಗೆಯಾಡಿ, ತಂತಿ ಕೆಲವೇ ಕ್ಷಣಗಳಲ್ಲಿ ಬೆಳ್ಳಗಾದರೆ ಅದು ನಮಗೆ ಬೇಕಾದದ್ದು. ಆ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಕಿಟಕಿ ತೆರೆದಿರಲಿ.

ಟೆಫ್ಲಾನ್ ಹೊದಿಕೆ ಐರನ್ ತಗುಲಿದರೂ ಹಿಂದೆ ಸರಿಯುವುದಿಲ್ಲ, ಒಳಗಿನ ಬೆಳ್ಳಿಲೇಪಿತ ಎಳೆಗಳು ಬೆಸುಗೆಯನ್ನು ತಕ್ಷಣ ಹೀರಿಕೊಳ್ಳುತ್ತವೆ. ಪವರ್ ಆಂಪ್ಲಿಫೈಯರ್‌ನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ನಾನು ಬೇರೆ ತಂತಿ ಬಳಸುವುದಿಲ್ಲ. ಬೆಲೆ ಮಾತ್ರ ಹೆಚ್ಚು. ಜಾರುವ ಹೊದಿಕೆಯನ್ನು ಸುಲಿಯಲು ಒಳ್ಳೆಯ ಸ್ಟ್ರಿಪ್ಪರ್ ಕೂಡ ಬೇಕು. ಪಿವಿಸಿ ತಂತಿಯ ಹೊದಿಕೆ ಶಾಖಕ್ಕೆ ಕುಗ್ಗಿ ತಾಮ್ರ ಬರಿದಾಗುವುದರಿಂದ ಅದು 12 ವೋಲ್ಟ್ ಸರಬರಾಜಿಗಷ್ಟೇ ಸಾಕು.

ಫಿಲ್ಟರ್ (ಬೇಡದ ಕಂಪನಾಂಕ ತಡೆಯುವ ಸರ್ಕ್ಯೂಟ್) ಸರಿಹೊಂದುವವರೆಗೆ ಸುತ್ತು ಬಿಚ್ಚಿ ಮತ್ತೆ ಸುತ್ತುವುದು ನನ್ನ ಅಭ್ಯಾಸ. ಹಾಗಾಗಿ ಅಗ್ಗವಾಗಿ, ತೂಕದ ಲೆಕ್ಕದಲ್ಲಿ ಸಿಗುವ ಪಾಲಿಯುರೆಥೇನ್ ತಂತಿಯೇ ನನಗೆ ಹೊಂದುತ್ತದೆ. ಟಿ50-2 ಎಂಬ ಕಬ್ಬಿಣದ ಪುಡಿಯ ಕೋರ್‌ನ ಲೋ-ಪಾಸ್ ಫಿಲ್ಟರ್‌ಗಳಿಗೆ 28 ಗೇಜ್, ಎಫ್‌ಟಿ37-43 ಎಂಬ ಫೆರೈಟ್ ಕೋರ್‌ನ ಮೂರೆಳೆ ಸುತ್ತಿಗೆ 32 ಗೇಜ್, ಈ ಎರಡು ರೀಲುಗಳ ಜೊತೆಗೆ ಒಂದೆರಡು ಮೀಟರ್ ಟೆಫ್ಲಾನ್ ಇದ್ದರೆ ನನ್ನ ಕೆಲಸವೆಲ್ಲ ಸಾಗುತ್ತದೆ.