ಟ್ರಿಯರ್‌ನ ಮತ್ತೀಯನ ಸಮಾಧಿ: ಶ್ರವಣ ಮಾರ್ಗದರ್ಶಿಯ ವಿಮರ್ಶೆ

ಜರ್ಮನಿಯ ಟ್ರಿಯರ್ ನಗರದಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳ ಮಠಕ್ಕೆ ಸೇರಿದ ಯೇಸುವಿನ ಹನ್ನೆರಡು ಅಪೊಸ್ತಲರಲ್ಲಿ (ಆಪ್ತ ಶಿಷ್ಯರಲ್ಲಿ) ಒಬ್ಬನಾಗಿ ನಂತರ ಸೇರಿದ ಸಂತ ಮತ್ತೀಯನ ಬಸಿಲಿಕಾವನ್ನು (ಚರ್ಚನ್ನು) ನೋಡಲು ಹಣ ಕೊಟ್ಟು ಪಡೆದ ಶ್ರವಣ ಮಾರ್ಗದರ್ಶಿ (ಆಡಿಯೊ ಗೈಡ್), ಕಟ್ಟಡದ ವಿಷಯದಲ್ಲಿ ಮಾತ್ರ ಭರವಸೆಗೆ ತಕ್ಕಂತಿತ್ತು. 1127ರಲ್ಲಿ ಮತ್ತೀಯನ ಅವಶೇಷಗಳು ದೊರೆತದ್ದು, 1148ರಲ್ಲಿ ಮೂರನೆಯ ಯುಜೀನ್ ಪೋಪ್ ಚರ್ಚನ್ನು ಪ್ರತಿಷ್ಠಾಪಿಸಿದ್ದು, ಇವೆಲ್ಲವನ್ನೂ ಸ್ಪಷ್ಟ ದನಿಯಲ್ಲಿ ವಿವರಿಸಿತು.

ಆದರೆ ಮತ್ತೀಯನಿಗೆ ದಕ್ಕಿದ್ದು ಒಂದೇ ವಾಕ್ಯ, ಅದು ನನಗೆ ನಿಜವಾಗಿಯೂ ನೋವುಂಟುಮಾಡಿತು. ಯೇಸುವನ್ನು ಹಿಡಿದುಕೊಟ್ಟ ಇಸ್ಕರಿಯೋತ ಯೂದನಿಂದ ತೆರವಾದ ಅಪೊಸ್ತಲನ ಸ್ಥಾನಕ್ಕೆ, ಸುಮಾರು 120 ಜನ ಸೇರಿದ್ದ ಸಭೆಯಲ್ಲಿ, ಯೂಸ್ತನೆನಿಸಿಕೊಂಡ ಯೋಸೇಫನನ್ನೂ ಮತ್ತೀಯನನ್ನೂ ನಿಲ್ಲಿಸಿ, ಪ್ರಾರ್ಥಿಸಿ ಚೀಟು ಹಾಕಿದರೆಂದು ಬೈಬಲಿನ ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯ ಹೇಳುತ್ತದೆ. ಯೋಹಾನನ ದೀಕ್ಷಾಸ್ನಾನದ ದಿನಗಳಿಂದಲೂ ಯೇಸುವಿನ ಜೊತೆಗಿದ್ದವರೇ ಬೇಕೆಂಬುದು ಅಪೊಸ್ತಲರ ಮುಂದಾಳು ಪೇತ್ರನ ಷರತ್ತಾಗಿತ್ತು. ಎಂದರೆ ಹೆಸರಿಲ್ಲದೆ ಅಷ್ಟು ಕಾಲ ಯೇಸುವಿನ ಹಿಂದೆ ನಡೆದವನು ಮತ್ತೀಯ. ಆಯ್ಕೆಯಾದ ಬಳಿಕವೂ ಹೊಸ ಒಡಂಬಡಿಕೆ ಅವನ ಹೆಸರನ್ನು ಮತ್ತೆ ಎತ್ತುವುದಿಲ್ಲ.

ಕೊನೆಗೆ ಕಿವಿಯ ಸಾಧನವನ್ನು ತೆಗೆದಿಟ್ಟು, ಸಮಾಧಿಯ ಮೇಲೆ ಮಲಗಿರುವ ಅವನ ಪ್ರತಿಮೆಯ ಬಳಿ ಬಹಳ ಹೊತ್ತು ನಿಂತೆ. ಆಲ್ಪ್ಸ್‌ನ ಉತ್ತರಕ್ಕೆ ಅಪೊಸ್ತಲನೊಬ್ಬನ ಸಮಾಧಿಯೆಂದು ಶತಮಾನಗಳಿಂದ ಯಾತ್ರಿಕರು ಕಾಲ್ನಡಿಗೆಯಲ್ಲಿ ಬರುವ ತಾಣವಿದು. ಚರ್ಚಿಗೆ ಖಂಡಿತ ಹೋಗಿ. ಮಾರ್ಗದರ್ಶಿಯ ಬದಲು ಆ ಅಧ್ಯಾಯವನ್ನು ಓದಿಕೊಂಡು ಹೋಗಿ.