ಸಣ್ಣ ಕಾರಿನ ಮೇಲೆ ಕಯಾಕ್: ನಾನು ಮಾಡಿ ನೋಡಿದ ದಾರಿಗಳು

ನನ್ನ ಕಯಾಕ್, ಅಂದರೆ ಹುಟ್ಟು ಹಾಕುವ ಕಿರಿದಾದ ದೋಣಿ, 10 ಅಡಿಯದು. ಪ್ಲಾಸ್ಟಿಕ್ಕಿನದು, ಮೇಲೆ ಕೂತು ಹುಟ್ಟು ಹಾಕುವ ಬಗೆ, ತೂಕ 24 ಕೆ.ಜಿ. ಕಾರು ಸಣ್ಣದು, ಮೇಲೆ ರೇಲಿಂಗ್ ಇಲ್ಲ. ಮನೆ ಮಂಗಳೂರಿನಲ್ಲಿ. ಹೆಚ್ಚಾಗಿ ಹೋಗುವುದು ಸಸಿಹಿತ್ಲು ಅಳಿವೆಗೆ. ವರ್ಷಕ್ಕೆ ಮೂರು ನಾಲ್ಕು ಸಲ ಸಾಲಿಗ್ರಾಮದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೂ ಹೋಗುತ್ತೇನೆ. ಅದು 80 ಕಿ.ಮೀ. ಹತ್ತಿರ.

ಮೊದಲು ಗೂಡ್ಸ್ ಟೆಂಪೊ ಮಾಡಿದೆ. ದೋಣಿಗೆ ಏನೂ ಆಗಲಿಲ್ಲ. ಆದರೆ ನೀರಿಗೆ ಇಳಿಯುವುದು ಉಬ್ಬರ ಇಳಿತ ನೋಡಿಕೊಂಡು. ಬೆಳಿಗ್ಗೆ ಐದಕ್ಕೆ ಟೆಂಪೊ ಸಿಗುವುದು ಕಷ್ಟ, ಬಂದರೂ ನಾವು ದಡಕ್ಕೆ ಬರುವ ತನಕ ಅದು ಕಾಯುವುದಿಲ್ಲ. ಎರಡು ಸಲಕ್ಕೇ ಬಿಟ್ಟೆ. ಗೆಳೆಯನ ಗಾಳಿ ತುಂಬುವ ಕಯಾಕ್ ಡಿಕ್ಕಿಯಲ್ಲೇ ಹಿಡಿಯಿತು, ನಿಜ. ಅಳಿವೆಯ ಗಾಳಿಗೆ ಅದು ಪಕ್ಕಕ್ಕೆ ಸರಿಯುತ್ತಲೇ ಇತ್ತು. ಮನೆಗೆ ತಂದು ಸರಿಯಾಗಿ ಒಣಗಿಸದಿದ್ದರೆ ನಮ್ಮ ಸೆಕೆಗೆ ಬೂಷ್ಟು ಬೇರೆ.

ಆಮೇಲೆ ಫೋಮ್ ತುಂಡುಗಳು. ಎಲ್ಲಕ್ಕಿಂತ ಅಗ್ಗ ಇದೇ. ಕಾರಿನ ಮೇಲೆ ಎರಡು ದಪ್ಪ ಫೋಮ್ ಇಟ್ಟು, ಅದರ ಮೇಲೆ ದೋಣಿ ಮಗುಚಿ ಹಾಕಿ, ಪಟ್ಟಿಯನ್ನು ಕಾರಿನ ಒಳಗಿನಿಂದ ಸುತ್ತಿ ಬಿಗಿಯುವುದು. ಪಟ್ಟಿಯನ್ನು ಬಾಗಿಲು ತೆರೆದು ಅಲ್ಲಿಂದ ತೂರಿಸಬೇಕು. ಕಿಟಕಿಯಿಂದ ತೂರಿಸಿದರೆ ಬಾಗಿಲೇ ತೆರೆಯಲು ಆಗುವುದಿಲ್ಲ. ಫೋಮ್ ಅಡಿ ಮರಳು ಇದ್ದರೆ ಬಣ್ಣ ಕೆರೆದು ಹೋಗುತ್ತದೆ, ಹಾಗಾಗಿ ಮೊದಲು ಒರೆಸಲೇಬೇಕು. ಮಳೆ ಬಂದರೆ ಪಟ್ಟಿ ಹಿಡಿದು ನೀರು ಸೀಟಿಗೆ ಇಳಿಯುತ್ತದೆ.

ಇದರಲ್ಲೇ ನನಗೆ ಹೆದರಿಕೆ ಆದದ್ದು. ಸುರತ್ಕಲ್ ದಾಟಿದ ಮೇಲೆ ಎಕ್ಸ್‌ಪ್ರೆಸ್ ಬಸ್ಸೊಂದು ಪಕ್ಕದಲ್ಲೇ ಹಾದು ಹೋಯಿತು. ಆ ಗಾಳಿಗೆ ದೋಣಿಯ ಮೂತಿ ಒಂದು ಗೇಣು ಓರೆಯಾಯಿತು. ಮೂತಿಗೆ ನಾನು ಕಟ್ಟಿದ್ದು ನೈಲಾನ್ ಹಗ್ಗ. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ, ಅಲ್ವಾ? ಇಬ್ಬನಿಗೇ ಸಡಿಲವಾಗಿತ್ತು. ಅವತ್ತಿನಿಂದ ಎಲ್ಲಕ್ಕೂ ಪಾಲಿಯೆಸ್ಟರ್ ಪಟ್ಟಿಯೇ.

ಈಗ ಇರುವುದು ಬಾಗಿಲ ಚೌಕಟ್ಟಿಗೆ ಕಚ್ಚುವ ಎರಡು ಅಲ್ಯೂಮಿನಿಯಂ ಅಡ್ಡಪಟ್ಟಿ. ಕಬ್ಬಿಣದ್ದು ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ನಮ್ಮ ಕಡಲ ಗಾಳಿಗೆ ಅದು ಎಷ್ಟು ದಿನ? ಅಡ್ಡಪಟ್ಟಿಗೆ ಎ.ಸಿ. ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆ ಸುತ್ತಿದ್ದೇನೆ. ದೋಣಿಯನ್ನು ಅದೇ ರೀತಿ ಮಗುಚಿ ಇಡುತ್ತೇನೆ. ಹಿಂದಿನ ಗಾಜಿನ ಮೇಲೆ ಹಳೇ ರಬ್ಬರ್ ಮ್ಯಾಟ್ ಹಾಸಿ, ಮೂತಿ ಒರಗಿಸಿ ದೂಡಿದರೆ ಒಬ್ಬನೇ ಏರಿಸಬಹುದು.

ದೋಣಿಯನ್ನು ಮಗ್ಗುಲಾಗಿ ನಿಲ್ಲಿಸುವ ಜೆ ಆಕಾರದ ಸ್ಟ್ಯಾಂಡನ್ನೂ ಗೆಳೆಯನ ಎತ್ತರದ ಗಾಡಿಯಲ್ಲಿ ನೋಡಿದೆ. ದೋಣಿಯನ್ನು ಬದಿಯಿಂದ ತಲೆಗಿಂತ ಮೇಲೆ ಎತ್ತಬೇಕು. ಒಬ್ಬರಿಗೆ ಜಾಸ್ತಿ ಕಷ್ಟ. ಸೇತುವೆ ಮೇಲೆ ಅಡ್ಡಗಾಳಿಯೂ ಚೆನ್ನಾಗಿ ಹಿಡಿಯುತ್ತದೆ. ಎರಡು ದೋಣಿ ಇದ್ದರೆ ಮಾತ್ರ ಅದು ಬೇಕು, ಅಗಲದಲ್ಲಿ ಜಾಗ ಉಳಿಯುತ್ತದೆ. ಆದರೆ ಕಾರಿನ ಪುಸ್ತಕದಲ್ಲಿ ಮೇಲಿನ ಭಾರ 50 ಕೆ.ಜಿ. ಎಂದಿದ್ದರೆ ಸ್ಟ್ಯಾಂಡಿನ ತೂಕವೂ ಅದರಲ್ಲೇ ಸೇರುತ್ತದೆ. 24ರ ಎರಡು ದೋಣಿ ಇಟ್ಟರೆ 48 ಅಲ್ಲೇ ಮುಗಿಯಿತು.

ದುಡ್ಡು ಕಡಿಮೆ ಇದ್ದರೆ ಫೋಮ್ ತಗೊಳ್ಳಿ, ಹತ್ತಿರದ ದಾರಿಗೆ ಸಾಕು. ಪಟ್ಟಿಯಲ್ಲಿ ಮಾತ್ರ ಉಳಿಸಬೇಡಿ. ಕೈಯಲ್ಲಿ ಎಳೆದು ಬಿಗಿಯುವ ಬಕಲ್ಲಿನದೇ ಇರಲಿ. ಲಾರಿಯವರು ಬಳಸುವ, ಹಿಡಿ ಆಡಿಸಿ ಬಿಗಿಯುವ ರ‍್ಯಾಚೆಟ್ ಬಿಗಿ ಜಾಸ್ತಿಯಾಗಿ, ಬಿಸಿಲಿಗೆ ಮೆತ್ತಗಾದ ಪ್ಲಾಸ್ಟಿಕ್ ತಗ್ಗು ಬೀಳುತ್ತದೆ. ಪಟ್ಟಿಗೆ ಒಂದು ತಿರುವು ಕೊಟ್ಟರೆ ಗಾಳಿಗೆ ಗುಂಯ್ ಅನ್ನುವುದಿಲ್ಲ. ಮುಂದೆಯೂ ಹಿಂದೆಯೂ ಕಾರು ಎಳೆಯಲು ಇರುವ ಕೊಕ್ಕೆಗೆ ಒಂದೊಂದು ಕಟ್ಟು, ಹಿಂದಿನ ತುದಿಗೆ ಕೆಂಪು ಬಟ್ಟೆ. ಹೊರಟು 2 ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ಎಲ್ಲವನ್ನೂ ಎಳೆದು ನೋಡುತ್ತೇನೆ. ಸಾಲಿಗ್ರಾಮಕ್ಕೆ ಹೋಗುವ ದಿನ ಹೆಜಮಾಡಿ ಟೋಲ್ ದಾಟಿದ ಮೇಲೆ ಇನ್ನೊಮ್ಮೆ.