ಮಳೆಬೆಟ್ಟದ ಚಳಿಗೆ ಪುಕ್ಕವೋ, ಪಾಲಿಯೆಸ್ಟರೋ?

ಮೂರು ದಿನ ರಸ್ತೆಯಲ್ಲೇ ಕಳೆದು, ನಾಲ್ಕನೇ ದಿನ ಸಂಜೆ ಜಡಿಮಳೆಯಲ್ಲಿ ಟೆಂಟ್ ಹೂಡಿದೆವು. ನನ್ನದು ಬಾತುಕೋಳಿಯ ಮೃದು ಪುಕ್ಕ ತುಂಬಿದ ಡೌನ್ ಸ್ಲೀಪಿಂಗ್ ಬ್ಯಾಗ್, ಗೆಳೆಯನದು ಪಾಲಿಯೆಸ್ಟರ್ ನಾರಿನ ಸಿಂಥೆಟಿಕ್. ಎರಡರ ಮೇಲೂ ‘ಕಂಫರ್ಟ್ 0 ಡಿಗ್ರಿ’ ಎಂದೇ ಇತ್ತು, ಅಂದರೆ ಅಷ್ಟು ಚಳಿಯವರೆಗೆ ಆರಾಮವಾಗಿ ಮಲಗಬಹುದು ಅಂತ. (ಪಕ್ಕದಲ್ಲಿ ‘ಲಿಮಿಟ್’ ಅಂತ ಇನ್ನೊಂದು ಅಂಕಿ ಇರುತ್ತದೆ. ಅದನ್ನು ನಂಬಿ ಕೊಳ್ಳಬೇಡಿ, ಅದು ಮುದುಡಿ ಮಲಗಿದವನಿಗೆ ಹೇಗೋ ಸಾಕಾಗುವ ಮಟ್ಟ.)

ದಾರಿಯುದ್ದಕ್ಕೂ ಗೆದ್ದಿದ್ದು ನನ್ನದೇ. ಒಂದು ಕೆಜಿ ತೂಕ, ಸೀಟಿನಡಿ ತುರುಕಿದರೆ ಮರೆತೇಹೋಗುವಷ್ಟು ಚಿಕ್ಕದು. ಅವನದು ಹತ್ತಿರ ಹತ್ತಿರ ಎರಡು ಕೆಜಿ, ಮೂರೂ ದಿನ ಯಾರದಾದರೂ ತೊಡೆಯ ಮೇಲೇ ಪ್ರಯಾಣ. ‘ನಿನ್ನ ಹಾಸಿಗೆಗೂ ಒಂದು ಟಿಕೆಟ್ ತಗೊಳ್ಳೋ’ ಅಂತ ರೇಗಿಸಿದ್ದೆ.

ಮೊದಲ ರಾತ್ರಿಯೂ ಡೌನೇ ಮೇಲು. ಕೊಡವಿ ಅರ್ಧ ಗಂಟೆ ಬಿಟ್ಟೆ, ಹಿಟ್ಟು ಹುಳಿ ಬಂದಂತೆ ಉಬ್ಬಿತು. ಬಿಸಿ ಕೊಡುವುದು ಪುಕ್ಕವಲ್ಲ, ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಶಾಖವನ್ನು ಹಿಡಿದಿಡುತ್ತದೆ. ಉಬ್ಬು ಹೋದರೆ ಎಲ್ಲ ಹೋಯಿತು.

ಮೂರನೇ ರಾತ್ರಿ ಆ ಉಬ್ಬು ಹೋಯಿತು. ಟೆಂಟ್ ಒಂದು ಹನಿಯೂ ಸೋರಿರಲಿಲ್ಲ. ನೀರು ಬಂದಿದ್ದು ನಮ್ಮಿಂದಲೇ, ಇಬ್ಬರ ಉಸಿರು, ಮೂಲೆಯಲ್ಲಿ ಗುಡ್ಡೆ ಹಾಕಿದ್ದ ತೊಯ್ದ ಸಾಕ್ಸು. ಆ ತೇವವೆಲ್ಲ ಟೆಂಟಿನ ಒಳಮೈಗೆ ಹನಿಗಟ್ಟಿ, ಗಾಳಿ ಬೀಸಿದಾಗೆಲ್ಲ ಮುಖಕ್ಕೆ ಉದುರುತ್ತಿತ್ತು. ನನ್ನ ಬ್ಯಾಗಿನ ಕಾಲಿನ ತುದಿ ಗೋಡೆಗೆ ತಾಗಿ ನೆನೆದಿತ್ತು. ಬೆಳಿಗ್ಗೆ ಕೈಯಾಡಿಸಿದರೆ ಪುಕ್ಕ ನೆಲ್ಲಿಕಾಯಿ ಗಾತ್ರದ ಉಂಡೆಗಳಾಗಿತ್ತು, ಉಂಡೆಗಳ ನಡುವೆ ಬರೀ ಎರಡು ಪದರ ಬಟ್ಟೆ. ರಾತ್ರಿಯಿಡೀ ಪಾದ ಮರಗಟ್ಟಿದ್ದು ಯಾಕೆಂದು ಆಗ ಗೊತ್ತಾಯಿತು.

ಅವನದೂ ಅಷ್ಟೇ ಒದ್ದೆ. ಆದರೆ ಪಾಲಿಯೆಸ್ಟರ್ ನಾರು ನೀರು ಹೀರುವುದು ತೀರ ಕಡಿಮೆ, ಹಾಗಾಗಿ ಉಬ್ಬು ಪೂರ್ತಿ ಕುಸಿಯಲಿಲ್ಲ. ಮಳೆ ಬಿಡುವು ಕೊಟ್ಟಾಗ ಹಗ್ಗಕ್ಕೆ ಹಾಕಿದ, ಸಂಜೆಗೆ ಮಲಗುವ ಹಾಗಾಯಿತು. ‘ಒದ್ದೆಯಾದರೂ ಬೆಚ್ಚಗಿರುತ್ತದೆ’ ಅನ್ನುವುದು ಮಾತ್ರ ಮಾರುವವರ ಮಾತು. ನಾಲ್ಕನೇ ರಾತ್ರಿ ಅದಲುಬದಲು ಮಾಡಿಕೊಂಡು ಅದರಲ್ಲೇ ಮಲಗಿದೆ; ಬೆಚ್ಚಗೇನೂ ಇರಲಿಲ್ಲ, ನಿದ್ದೆ ಬಂತು ಅಷ್ಟೆ. ಅವನಿಗೆ ಅದೂ ಬರಲಿಲ್ಲ.

ಬೆನ್ನಿಗೆ ಹತ್ತುವ ಚಳಿಯಲ್ಲಿ ಮಾತ್ರ ಎರಡೂ ಒಂದೇ. ಮೈಭಾರಕ್ಕೆ ಅಡಿಭಾಗ ಚಪ್ಪಟೆಯಾಗುತ್ತದೆ, ಅಲ್ಲಿ ಕಾಯುವುದು ಮ್ಯಾಟ್.

ಸಿಂಥೆಟಿಕ್‌ಗೆ ಆಯಸ್ಸು ಕಡಿಮೆ, ತುರುಕಿದಷ್ಟೂ ನಾರು ಸೋತು ತೆಳ್ಳಗಾಗುತ್ತದೆ. ಆದರೂ ದಿನಗಟ್ಟಲೆ ಮಳೆ, ಒಣಗಿಸಲು ಜಾಗವಿಲ್ಲ ಅನ್ನುವ ಕಡೆಗೆ ನಾನಿನ್ನು ಡೌನ್ ಒಯ್ಯುವುದಿಲ್ಲ. ಅದನ್ನು ಒಣಚಳಿಯ ಬೆಟ್ಟಕ್ಕೆ ಇಟ್ಟುಕೊಂಡಿದ್ದೇನೆ. ಮನೆಗೆ ಬಂದು ಆ ಉಂಡೆಗಳನ್ನು ಒಂದೊಂದಾಗಿ ಬೆರಳಲ್ಲಿ ಬಿಡಿಸುತ್ತ ಒಣಗಿಸಲು ಎರಡು ದಿನ ಹಿಡಿಯಿತು.